ದೀಪ ಹಚ್ಚುವುದರೊಳಗೆ ಮುನ್ನೂರ ಹನ್ನೆರಡು ಕುಡಿಕೆ

ಕಿಂಡಿಯ ಮುಂದೆ ಕೂತು ಜನರಿಗೆ ಕೇಳಿಕೆ ಬರೆದುಕೊಡುವ ಕೆಲಸವನ್ನು ನಾನು ಇಪ್ಪತ್ತಾರು ವರ್ಷ ಮಾಡಿದ್ದೇನೆ. ನಮ್ಮೂರಿನಲ್ಲಿ ನನಗಿಂತ ಚೆನ್ನಾಗಿ ಕೇಳಿಕೆ ಬರೆಯುವವರು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಇದನ್ನು ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ. ನಾನೀಗ ಹೇಳಹೊರಟಿರುವುದು ನನ್ನ ಕೈಯಿಂದ ದೊಡ್ಡ ತಪ್ಪು ನಡೆದ ದಿನದ ಕಥೆ. ಹಾಗಾಗಿ ಆ ಒಂದು ಮಾತನ್ನು ಮೊದಲೇ ಹೇಳಿಕೊಳ್ಳುವ ಹಕ್ಕು ನನಗಿದೆ.

ಕಿಂಡಿ ಇರುವುದು ಕೆರೆ ಏರಿಯ ಕೆಳಗಿನ ಕಲ್ಲುಗೋಡೆಯಲ್ಲಿ. ಒಂದು ಮೊಳ ಅಗಲ, ಒಂದು ಗೇಣು ಎತ್ತರ. ಹಲಗೆಯ ಮೇಲೆ ಬಳಪದಿಂದ ಕೇಳಿಕೆ ಬರೆದು ಒಳಗೆ ತಳ್ಳಿದರೆ ಅದೇ ಹಲಗೆ ಉತ್ತರ ಹೊತ್ತು ಹೊರಗೆ ಬರುತ್ತದೆ. ಯಾರು ಯಾರು ಅಂತ ಕೇಳಿದರೆ ಮಾತ್ರ ಉತ್ತರ. ಯಾಕೆ, ಹೇಗೆ ಅಂದರೆ ಹಲಗೆ ಖಾಲಿ ಬರುತ್ತದೆ. ಊರಿನಲ್ಲಿ ಯಾರಿಗೆ ಎಷ್ಟು ವಯಸ್ಸು, ಯಾವ ಬೀದಿ, ಏನು ಕಸುಬು, ಮನೆಯಲ್ಲಿ ಏನಿದೆ, ಮೈಯಲ್ಲಿ ಯಾವ ಕಾಯಿಲೆ, ಎಲ್ಲವೂ ಆ ಗಳಿಗೆಗೆ ಹೇಗಿದೆಯೋ ಹಾಗೆ ಅದಕ್ಕೆ ಗೊತ್ತು. ಹಲಗೆಯಲ್ಲಿ ಇಪ್ಪತ್ತು ಸಾಲು, ಹಾಗಾಗಿ ಒಂದು ಸಲಕ್ಕೆ ಇಪ್ಪತ್ತೇ ಹೆಸರು. ಮಿಕ್ಕಿದ್ದರೆ ಅಡಿಯಲ್ಲಿ ‘ಇನ್ನೂ ಇದೆ’ ಎಂದು ಬರುತ್ತದೆ, ಇಲ್ಲದಿದ್ದರೆ ‘ಮುಗಿಯಿತು’. ಮುಂದಿನವು ಬೇಕಾದರೆ ಇಡೀ ಕೇಳಿಕೆಯನ್ನು ಮತ್ತೆ ಬರೆದು ‘ಎರಡನೇ ಹಲಗೆ’, ‘ಮೂರನೇ ಹಲಗೆ’ ಎಂದು ಸೇರಿಸಬೇಕು. ಆಗಲೇ ಏನು ಕೊಟ್ಟಿದ್ದೇನೆ ಎಂಬ ನೆನಪು ಕಿಂಡಿಗಿಲ್ಲ. ಒಂದು ಹಲಗೆಗೂ ಇನ್ನೊಂದಕ್ಕೂ ನಡುವೆ ಒಂದು ಸೇರು ಅಕ್ಕಿ ಬೇಯುವಷ್ಟು ಹೊತ್ತು ಕಾಯಬೇಕು. ಅವಸರ ಮಾಡಿದರೆ ಆ ದಿನ ಪೂರ್ತಿ ಕಿಂಡಿ ಮುಚ್ಚಿಬಿಡುತ್ತದೆ.

ಇಷ್ಟು ಗೊತ್ತಿದ್ದವರಿಗೆ ಕೇಳಿಕೆ ಬಿಗಿಯಾಗಿರಬೇಕು ಅನ್ನುವುದೂ ಗೊತ್ತಾಗುತ್ತದೆ. ‘ಹಸು ಯಾರ ಮನೆಯಲ್ಲಿದೆ’ ಅಂದರೆ ಅರ್ಧ ಊರು ಬರುತ್ತದೆ. ಯಾವ ಬೀದಿ, ಎಷ್ಟನೇ ಕರು, ಮಾರುವುದಕ್ಕೆ ಇಟ್ಟಿದ್ದಾರೋ ಇಲ್ಲವೋ ಎಂದು ಜರಡಿ ಹಿಡಿಯುತ್ತಾ ಹೋಗಬೇಕು. ಯಾವ ಕ್ರಮದಲ್ಲಿ ಬೇಕು ಎಂದೂ ಹೇಳಬೇಕು, ಇಲ್ಲದಿದ್ದರೆ ಕಿಂಡಿ ಮನಸ್ಸಿಗೆ ಬಂದಂತೆ ಕೊಡುತ್ತದೆ. ಇನ್ನೊಂದು ಅಪಾಯವೆಂದರೆ, ಅದಕ್ಕೆ ತಿಳಿಯದ ಮಾತು ಬರೆದರೆ ‘ತಿಳಿಯಲಿಲ್ಲ’ ಅನ್ನುವುದಿಲ್ಲ, ಸುಮ್ಮನೆ ಆ ಮಾತನ್ನು ಬಿಟ್ಟು ಉಳಿದದ್ದಕ್ಕೆ ಉತ್ತರ ಕೊಡುತ್ತದೆ. ಒಬ್ಬ ಗಂಡಸು ನನ್ನನ್ನು ಕೇಳದೆ ತಾನೇ ‘ಒಳ್ಳೆ ಗುಣದ, ಮದುವೆಯಾಗದ ಹೆಣ್ಣು ಯಾರು ಯಾರು’ ಎಂದು ಬರೆದ. ಕಿಂಡಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಊರಿನ ಮದುವೆಯಾಗದ ಹೆಣ್ಣುಗಳೆಲ್ಲ ಹಲಗೆ ಮೇಲೆ ಹಲಗೆಯಾಗಿ ಬಂದರು. ಎರಡು ದಿನ ಕೂತು ಅಷ್ಟನ್ನೂ ಬರೆದುಕೊಂಡು, ನಮ್ಮೂರಲ್ಲಿ ಇಷ್ಟೊಂದು ಗುಣವಂತೆಯರಿದ್ದಾರೆ ಅಂತ ಖುಷಿಯಿಂದ ಮನೆಗೆ ಹೋದ. ಮದುವೆಯೂ ಆಯಿತು. ಆಮೇಲೆ ಅವನು ಕಿಂಡಿಯ ಕಡೆ ತಲೆ ಹಾಕಲಿಲ್ಲ.

ಆ ದಿನ ಚಳಿಗಾಲದ ಮೊದಲ ಹುಣ್ಣಿಮೆ. ಅವತ್ತು ಸಂಜೆ ದೀಪ ಹಚ್ಚಿದ ಮೇಲೆ ಮೊದಲ ಚಮಚ ಲೇಹ್ಯ ತಿನ್ನುವುದು ನಮ್ಮಲ್ಲಿ ವಾಡಿಕೆ. ಲೇಹ್ಯ ಮಾಡುವವರು ಆದಪ್ಪ ಪಂಡಿತರು. ಮಗುವಿಗೆ ಬೇರೆ ಪಾಕ, ಮುದುಕರಿಗೆ ಬೇರೆ ಪಾಕ, ಹಾಗಾಗಿ ಒಬ್ಬೊಬ್ಬರ ಹೆಸರಿಗೂ ಒಂದೊಂದು ಕುಡಿಕೆ. ಬೇಕಾದವರು ಹದಿನೈದು ದಿನದಿಂದ ಬಂದು ತಮ್ಮ ತಮ್ಮ ಕುಡಿಕೆ ಒಯ್ದಿದ್ದರು.

ಬೆಳಿಗ್ಗೆ ಎಂಟರ ಹೊತ್ತಿಗೆ ಪಂಡಿತರು ಏರಿ ಇಳಿದು ಓಡಿ ಬಂದರು. ಎಪ್ಪತ್ತು ದಾಟಿದವರು ಓಡುವುದನ್ನು ನಾನು ನೋಡಿದ್ದು ಅವತ್ತೇ. ಹೆಗಲ ಮೇಲೆ ಉತ್ತರೀಯ ಇರಲಿಲ್ಲ.

“ಸಂಕಮ್ಮ, ಲೇಹ್ಯ ಯಾರೂ ತಿನ್ನಬಾರದು. ಯಾರೂ ತಿನ್ನಬಾರದು,” ಅಂದರು.

ನಾನು ಅವರನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟೆ. ಅವರ ಹೆಂಡತಿ ಚಂದಕ್ಕ, ಲೇಹ್ಯ ಕಾಯಿಸಿ ಎತ್ತಿಟ್ಟಿದ್ದ ಕಡಾಯಿಯನ್ನು ಅವತ್ತು ಬೆಳಿಗ್ಗೆ ತೊಳೆಯಲು ಹೋದವರು, ಅಂಚಿನಲ್ಲಿ ಅಂಟಿದ್ದನ್ನು ಬೆರಳಲ್ಲಿ ತೆಗೆದು ನೆಕ್ಕಿದ್ದರು. ಸ್ವಲ್ಪ ಹೊತ್ತಿಗೆ ನಾಲಿಗೆ ಮರಗಟ್ಟಿ ವಾಂತಿ ಶುರುವಾಗಿತ್ತು. ಪಂಡಿತರು ಮಿಕ್ಕ ಗೆಡ್ಡೆಯ ಚೂರನ್ನು ಕಚ್ಚಿ ನೋಡಿದಾಗ ತಿಳಿಯಿತು, ನೆಲಗುಂಬಳದ ಗೆಡ್ಡೆ ಹಾಕುವ ಕಡೆ ಅಗ್ನಿಶಿಖೆಯ ವಿಷಗೆಡ್ಡೆ ಬಿದ್ದಿದೆ. ಹೆಚ್ಚಿ ಒಣಗಿಸಿದ ಮೇಲೆ ಎರಡೂ ಬೆಳ್ಳಗೇ.

“ಬೆರಳಲ್ಲಿ ನೆಕ್ಕಿದ್ದಕ್ಕೇ ಹೀಗೆ. ಒಂದು ಚಮಚ ತಿಂದರೆ ದೊಡ್ಡವರು ಮಲಗಿಬಿಡ್ತಾರೆ. ಮಕ್ಕಳು ಉಳಿಯೋದಿಲ್ಲ,” ಅಂದರು.

“ಎಷ್ಟು ಕುಡಿಕೆ ಮಾಡಿದ್ರಿ?”

“ಮುನ್ನೂರ ಹನ್ನೆರಡು.”

“ಯಾರ್ಯಾರು ಒಯ್ದರು?”

“ಬರೆದಿಡೋ ಅಭ್ಯಾಸ ನನಗೆಲ್ಲಿದೆ? ಬಂದರು, ಕೊಟ್ಟೆ.”

ಡಂಗುರ ಹೊಡೆಯಲು ಹೇಳಿ ಕಳಿಸಿದೆ. ಆದರೆ ಡಂಗುರವನ್ನೇ ನಂಬಿ ಕೂರುವ ಹಾಗಿರಲಿಲ್ಲ. ಅವತ್ತು ಅರ್ಧ ಜನ ಹೊಲದಲ್ಲಿ, ಉಳಿದರ್ಧ ಹೊಳೆಯಾಚೆಯ ಸಂತೆಯಲ್ಲಿ. ಸಂಜೆ ಮನೆಗೆ ಬಂದವರೇ ಕೈಕಾಲು ತೊಳೆದು, ದೀಪ ಹಚ್ಚಿ, ಮಕ್ಕಳನ್ನು ಸಾಲಾಗಿ ಕೂರಿಸಿ ಬಾಯಿಗೆ ಚಮಚ ಇಡುತ್ತಾರೆ. ಮುನ್ನೂರ ಹನ್ನೆರಡು ಕುಡಿಕೆಯೂ ಅಷ್ಟರೊಳಗೆ ಕಿಂಡಿ ಕಟ್ಟೆಗೆ ವಾಪಸು ಬರಬೇಕು.

“ಪಂಡಿತರೇ, ಇದು ನನ್ನ ಕೆಲಸ,” ಅಂದೆ. ನನಗೆ ಒಂದು ಚೂರೂ ಅಳುಕಿರಲಿಲ್ಲ.

ಕಿಂಡಿಯ ಪಕ್ಕದಲ್ಲೇ ಊರ ನಲ್ಲಿ. ಅಲ್ಲಿ ಸರದಿ ನೋಡಿಕೊಳ್ಳುವವಳು ಮಾಬೂಬಿ. ಅವಳ ಕೈಕೆಳಗೆ ಮನೆ ಮನೆಗೆ ನೀರು ಹೊರುವ ಏಳು ಹೆಂಗಸರು. ಊರಿನ ಯಾವ ಬಾಗಿಲು ಎಲ್ಲಿದೆ, ಯಾವ ಮನೆಗೆ ಹಿತ್ತಲಿಂದ ಹೋಗಬೇಕು, ಎಲ್ಲಾ ಅವರಿಗೆ ಕಣ್ಣು ಮುಚ್ಚಿದರೂ ಗೊತ್ತು. ವಿಷಯ ಹೇಳಿದ ಕೂಡಲೇ ಮಾಬೂಬಿ ಕೊಡಗಳನ್ನು ಬೋರಲು ಹಾಕಿಸಿದಳು.

ಕೇಳಿಕೆ ಬರೆದೆ. ‘ವಿಷದ ಲೇಹ್ಯ’ ಅಂತ ಬರೆಯುವಷ್ಟು ದಡ್ಡಿ ನಾನಲ್ಲ, ವಿಷವೋ ಅಮೃತವೋ ಕಿಂಡಿಗೆ ಗೊತ್ತಾಗುವುದಿಲ್ಲ. ಬರೀ ‘ಲೇಹ್ಯದ ಕುಡಿಕೆ’ ಅಂತಲೂ ಬರೆಯಲಿಲ್ಲ, ಹೋದ ವರ್ಷದ ಕುಡಿಕೆಗಳನ್ನು ಉಪ್ಪು ಹಾಕಿಡಲು ಎಲ್ಲರೂ ಇಟ್ಟುಕೊಂಡಿರುತ್ತಾರೆ. ‘ಆದಪ್ಪ ಪಂಡಿತರು ಈ ತಿಂಗಳು ಕಾಯಿಸಿದ ಲೇಹ್ಯದ ಕುಡಿಕೆ ಯಾರ ಯಾರ ಹೆಸರಿನದು ಮನೆಯಲ್ಲಿದೆ? ಬೀದಿಯ ಕ್ರಮದಲ್ಲಿ, ಅಗಸೆ ಬಾಗಿಲಿನಿಂದ.’ ಬೀದಿಯ ಕ್ರಮದಲ್ಲಿ ಬಂದರೆ ಹೆಂಗಸರು ಒಂದೇ ಬೀದಿಯಲ್ಲಿ ಮನೆಯಿಂದ ಮನೆಗೆ ಹೋಗಿ ಬೇಗ ಮುಗಿಸುತ್ತಾರೆ ಎಂಬ ಲೆಕ್ಕ.

ಮೊದಲ ಹಲಗೆ ಬಂತು. ಅಗಸೆ ಬೀದಿಯ ಇಪ್ಪತ್ತು ಹೆಸರು. ಅಡಿಯಲ್ಲಿ ‘ಇನ್ನೂ ಇದೆ’. ಕಾಗದಕ್ಕಿಳಿಸಿ ಮಾಬೂಬಿಗೆ ಓದಿ ಹೇಳಿದೆ. ಎರಡನೇ ಹಲಗೆಯ ಹೊತ್ತಿಗೆ ಇಪ್ಪತ್ತೂ ಕುಡಿಕೆ ಕಟ್ಟೆಯ ಮೇಲಿದ್ದವು. ಎರಡನೇ ಹಲಗೆ ಬಸದಿ ಬೀದಿಯಿಂದ ಶುರುವಾಯಿತು. ನಡುವಿನ ಗಾಣಿಗರ ಬೀದಿಯ ಒಂದು ಹೆಸರೂ ಇರಲಿಲ್ಲ. ಅವರು ಎಣ್ಣೆ ತಿಂದು ಗಟ್ಟಿಯಾಗಿದ್ದಾರೆ, ಲೇಹ್ಯ ಯಾಕೆ ಅವರಿಗೆ ಅಂದುಕೊಂಡೆ. ಡಂಗುರ ಕೇಳಿದವರೂ ಒಬ್ಬೊಬ್ಬರೇ ತಾವಾಗಿಯೇ ಕುಡಿಕೆ ತಂದು ಇಡತೊಡಗಿದರು. ಪಂಡಿತರು ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬಂದ ಕುಡಿಕೆಗಳನ್ನು ಮುಟ್ಟಿ ಮುಟ್ಟಿ ಎಣಿಸುತ್ತಿದ್ದರು.

ಎಂಟನೇ ಹಲಗೆಯ ಅಡಿಯಲ್ಲಿ ‘ಮುಗಿಯಿತು’ ಎಂದು ಬಂದಾಗ ಇನ್ನೂ ಹನ್ನೆರಡು ಗಂಟೆಯಾಗಿರಲಿಲ್ಲ. ಕೊನೆಯ ಕುಡಿಕೆ ಬರುವುದನ್ನು ಕಾದು, ಕಟ್ಟೆ ಹತ್ತಿ ನಿಂತು ಜೋರಾಗಿ ಹೇಳಿದೆ: “ಎಲ್ಲಾ ಸಿಕ್ಕಿತು. ಇನ್ನು ಯಾರೂ ಹೆದರಬೇಕಾಗಿಲ್ಲ.” ಜನ ನೆಮ್ಮದಿಯ ಉಸಿರು ಬಿಟ್ಟರು. ಯಾರೋ ನನ್ನ ಕೈಗೆ ಬೆಲ್ಲ ಕೊಟ್ಟರು. ಡಂಗುರದವನು ಡಂಗುರ ಬಿಚ್ಚಿಟ್ಟು ಊಟಕ್ಕೆ ಹೋದ. ನಿಜ ಹೇಳುತ್ತೇನೆ, ಆ ಬೆಲ್ಲ ನನಗೆ ತುಂಬಾ ರುಚಿಸಿತು.

“ನೂರ ತೊಂಬತ್ತೆಂಟು,” ಅಂದರು ಪಂಡಿತರು.

“ಏನು?”

“ಇಲ್ಲಿರೋದು ನೂರ ತೊಂಬತ್ತೆಂಟು. ನಾನು ಮಾಡಿದ್ದು ಮುನ್ನೂರ ಹನ್ನೆರಡು.”

“ಹೊರಊರಿನವರು ಒಯ್ದಿರ್ತಾರೆ ಪಂಡಿತರೇ. ಕೆಲವು ಒಡೆದಿರ್ತವೆ. ಡಂಗುರ ಕೇಳಿ ತಿಪ್ಪೆಗೆ ಸುರಿದವರೂ ಇರ್ತಾರೆ. ಕಿಂಡಿ ಮುಗಿಯಿತು ಅಂದ ಮೇಲೆ ಮುಗೀತು. ಅದು ಸುಳ್ಳು ಹೇಳೋದಿಲ್ಲ.”

ಅವರು ಕುಡಿಕೆಗಳನ್ನು ಇನ್ನೊಂದು ಸಲ ಮುಟ್ಟಿ ಎಣಿಸಿದರು. ಇಪ್ಪತ್ತಾರು ವರ್ಷ ಕಿಂಡಿಯ ಮುಂದೆ ಕೂತವಳು ನಾನು. ನನ್ನ ಮುಂದೆ ಅವರು ಏನು ಹೇಳಿಯಾರು? ಚಂದಕ್ಕನನ್ನು ನೋಡಲು ಮನೆಗೆ ಹೋದರು.

ಮೂರು ಗಂಟೆಗೆ ಸ್ವಲ್ಪ ಮುಂಚೆ ಕುಂಬಾರ ಬೀದಿಯ ದ್ಯಾಮವ್ವ ಬಂದಳು. ಅರವತ್ತರ ಹೆಂಗಸು, ಮೊಣಕೈವರೆಗೂ ಒಣಗಿದ ಮಣ್ಣು. ಸೊಂಟದ ಮೇಲೆ ಮೊಮ್ಮಗಳು.

“ಸಂಕಮ್ಮ, ಒಂದು ಕೇಳಿಕೆ ಬರೆದುಕೊಡೇ ತಾಯಿ. ನಮ್ಮ ಬೀದಿ ಹತ್ತಿರ ಹೊಸದಾಗಿ ಕರು ಹಾಕಿದ ಎಮ್ಮೆ ಯಾರ ಮನೇಲಿದೆ ಅಂತ. ನಮ್ಮ ಎಮ್ಮೆ ಬತ್ತಿಹೋಯ್ತು.”

“ಇವತ್ತೇ ಬೇಕಾ? ತುಂಬಾ ಸುಸ್ತಾಗಿದೆ ಅವ್ವ.”

“ಇವತ್ತೇ ಬೇಕು. ಸಂಜೆ ಈ ಕೂಸಿಗೆ ಲೇಹ್ಯ ತಿನ್ನಿಸಬೇಕಲ್ಲ? ಹಸಿ ಹಾಲಲ್ಲಿ ಕದಡಿ ಕೊಡು ಅಂದಿದ್ದಾರೆ ಪಂಡಿತರು.”

ನನ್ನ ಕೈಯಲ್ಲಿದ್ದ ಬಳಪ ಬಿದ್ದು ಎರಡಾಯಿತು.

“ಯಾವ ಲೇಹ್ಯ?”

“ಈ ವರ್ಷದ್ದು. ಕೂಸಿಗೊಂದು, ನನಗೊಂದು.”

“ಡಂಗುರ ಕೇಳಲಿಲ್ವಾ ನಿನಗೆ?”

“ಬೀದಿ ತುಂಬಾ ಮಡಕೆ ಬಡೀತಾ ಕೂತಿದ್ದೀವಿ. ಬೆಳಗಿಂದ ಟಪ ಟಪ ಟಪ. ಗುಡುಗಿದರೂ ಕೇಳಿಸೋದಿಲ್ಲ.”

“ಮನೆಗೆ ಯಾರೂ ಬರಲಿಲ್ವಾ?”

“ಯಾರು ಬರಬೇಕಿತ್ತು?”

ನಾನು ಎಂಟು ಕಾಗದಗಳನ್ನೂ ಹರಡಿ ಹುಡುಕಿದೆ. ಕುಂಬಾರ ಬೀದಿಯ ಐದು ಹೆಸರಿದ್ದವು, ದ್ಯಾಮವ್ವ ಇರಲಿಲ್ಲ. ಮೊದಲ ಕಾಗದ ಅಗಸೆ ಬೀದಿ, ಎರಡನೆಯದು ಬಸದಿ ಬೀದಿ. ನಡುವೆ ಗಾಣಿಗರ ಬೀದಿ ಇಲ್ಲ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಹೂಗಾರರ ಓಣಿ ಇಲ್ಲ. ಪ್ರತಿ ಎರಡು ಕಾಗದದ ನಡುವೆಯೂ ಒಂದು ತುಂಡು ಊರು ಕಾಣೆಯಾಗಿತ್ತು.

“ಕಿಂಡಿ ಸುಳ್ಳು ಹೇಳಿತಾ?” ಅಂದೆ.

ಮಾಬೂಬಿ ನನ್ನ ಹಿಂದೆ ನಿಂತು ಕಾಗದ ನೋಡುತ್ತಿದ್ದಳು. ಅವಳಿಗೆ ಓದು ಬರುವುದಿಲ್ಲ, ನಾನು ಓದಿ ಹೇಳಿದ್ದನ್ನು ಕೇಳಿಸಿಕೊಂಡಿದ್ದಳು. ನಲ್ಲಿಯ ಮುಂದೆ ಐದು ಜನ ಕೊಡ ಹಿಡಿದು ನಿಂತಿದ್ದರು.

“ಅಕ್ಕ, ಆ ಸಾಲು ನೋಡು,” ಅಂದಳು. “ಮೊದಲಿನ ಇಬ್ಬರಿಗೆ ನೀರು ಕೊಟ್ಟು ಮನೆಗೆ ಕಳಿಸಿದೆ ಅಂದುಕೋ. ಆಮೇಲೆ ನಾನು ‘ಮೂರನೆಯವಳು ಬಾರೇ’ ಅಂತ ಕರೆದರೆ ಯಾರು ಬರ್ತಾರೆ?”

ನಾನು ಸಾಲನ್ನು ನೋಡಿದೆ. ಇಬ್ಬರು ಹೋದರೆ ಉಳಿದವರು ಮುಂದೆ ಸರಿಯುತ್ತಾರೆ. ಆಗ ಮೂರನೆಯವಳು ಅಂದರೆ ಈಗಿನ ಐದನೆಯವಳು. ಈಗಿನ ಮೂರನೆಯವಳೂ ನಾಲ್ಕನೆಯವಳೂ ನಲ್ಲಿಯ ಮುಂದೆ ಖಾಲಿ ಕೊಡ ಹಿಡಿದು ನಿಂತೇ ಇರುತ್ತಾರೆ. ಅವರನ್ನು ಯಾರೂ ಕರೆದಿರುವುದಿಲ್ಲ.

ಕಿಂಡಿ ಸುಳ್ಳು ಹೇಳಿರಲಿಲ್ಲ. ಕುಡಿಕೆ ಯಾರ ಮನೆಯಲ್ಲಿದೆ ಅಂತ ನಾನು ಕೇಳಿದ್ದೆ. ಅಗಸೆ ಬೀದಿಯವರು ಕುಡಿಕೆ ಕೊಟ್ಟ ಕೂಡಲೇ ಅವರ ಹೆಸರು ಹೋಯಿತು, ಗಾಣಿಗರ ಬೀದಿ ಮುಂದೆ ಸರಿದು ಮೊದಲ ಹಲಗೆಗೆ ಬಂತು. ನಾನು ಎರಡನೇ ಹಲಗೆ ಕೇಳಿದೆ. ನಾವು ಎಷ್ಟು ಚುರುಕಾಗಿ ಕೆಲಸ ಮಾಡಿದೆವೋ ಅಷ್ಟು ಜನರನ್ನು ಹಾರಿಸಿಕೊಂಡು ಹೋಗಿದ್ದೆ. ಇನ್ನು ನೂರ ಹದಿನಾಲ್ಕು ಕುಡಿಕೆ ಮನೆಗಳಲ್ಲಿದ್ದವು. ಆ ಮನೆಯವರಲ್ಲಿ ಎಷ್ಟೋ ಜನ ನಾನು ಕಟ್ಟೆ ಹತ್ತಿ ಹೇಳಿದ ಮಾತನ್ನು ಕೇಳಿ ನೆಮ್ಮದಿಯಾಗಿದ್ದರು.

ಮೊದಲು ಕಟ್ಟೆ ಹತ್ತಿದೆ. ಆ ನಾಲ್ಕು ಮೆಟ್ಟಿಲು ನಾನು ಹತ್ತಿದ ಯಾವ ಬೆಟ್ಟಕ್ಕಿಂತಲೂ ಕಡಿದಾಗಿದ್ದವು. “ಮಧ್ಯಾಹ್ನ ನಾನು ಮುಗಿಯಿತು ಅಂದದ್ದು ತಪ್ಪು. ಮುಗಿದಿಲ್ಲ. ನಾನು ಕೇಳಿದ ರೀತಿ ತಪ್ಪಾಯಿತು. ನೂರಕ್ಕೂ ಮೇಲೆ ಕುಡಿಕೆ ಇನ್ನೂ ಊರಲ್ಲಿವೆ,” ಅಂದೆ.

“ಹಾಗಾದರೆ ನಿನ್ನನ್ನ ನಂಬಿ ನಾವು ಸುಮ್ಮನೆ ಕೂತಿದ್ದು?” ಅಂತ ಒಬ್ಬ ಗಂಡಸು ಕೂಗಿದ. ಇನ್ನೂ ಏನೇನೋ ಅಂದ. ಡಂಗುರದವನನ್ನು ಎಬ್ಬಿಸಿ ಕಳಿಸಿದೆ.

“ಈಗ ಮೊದಲ ಹಲಗೆಯನ್ನೇ ಮತ್ತೆ ಮತ್ತೆ ಕೇಳು ಅಕ್ಕ. ಖಾಲಿ ಆಗೋವರೆಗೆ,” ಅಂದಳು ಮಾಬೂಬಿ.

“ಬೀಗ ಹಾಕಿಕೊಂಡು ಸಂತೆಗೆ ಹೋದವರ ಹೆಸರೇ ಹಲಗೆ ತುಂಬಾ ಕೂತುಬಿಟ್ಟರೆ? ಹಿಂದಿನವರು ಬರೋದೇ ಇಲ್ಲ.”

ಬೇಕಾಗಿದ್ದದ್ದು ಯಾರು ಹೋದರೂ ಬಂದರೂ ಕದಲದ ಒಂದು ಕ್ರಮ. ಎಷ್ಟನೇ ಹಲಗೆ ಎಂದು ಎಣಿಸಿದರೆ ಎಣಿಕೆ ಜಾರುತ್ತದೆ. ಎಣಿಸುವುದನ್ನು ಬಿಟ್ಟು ‘ಇಂಥವರ ನಂತರ’ ಎಂದು ಕೇಳಬೇಕು. ಹುಟ್ಟಿದ ಗಳಿಗೆ ಯಾರಿಗೂ ಬದಲಾಗುವುದಿಲ್ಲ. ವಯಸ್ಸಿನ ಕ್ರಮದಲ್ಲಿ ಕೇಳಿದರೆ, ಒಂದು ಹಲಗೆಯ ಕೊನೆಯ ಹೆಸರನ್ನು ಹಿಡಿದು ‘ಇವರಿಗಿಂತ ಹಿರಿಯರು ಯಾರು ಯಾರು’ ಎಂದು ಮುಂದಿನದನ್ನು ಕೇಳಬಹುದು. ಹಿಂದಿನವರ ಕುಡಿಕೆ ಬಂದಿದ್ದರೂ ಬಾರದಿದ್ದರೂ ನಡುವೆ ಒಬ್ಬರೂ ತಪ್ಪುವುದಿಲ್ಲ.

ಅಷ್ಟರಲ್ಲಿ ಪಂಡಿತರು ವಾಪಸು ಬಂದಿದ್ದರು. ಚಂದಕ್ಕನ ವಾಂತಿ ನಿಂತಿತ್ತು, ನಾಡಿ ಇನ್ನೂ ಏರುಪೇರಾಗಿತ್ತು.

“ಕಿರಿಯರಿಂದ ಶುರು ಮಾಡಲಾ, ಹಿರಿಯರಿಂದಲಾ?” ಅಂತ ಕೇಳಿದೆ. “ಆರು ಹಲಗೆ ಆಗುತ್ತೆ. ಕೊನೆಯದು ಬರೋ ಹೊತ್ತಿಗೆ ಐದು ದಾಟಿರುತ್ತೆ. ಯಾರನ್ನ ಕೊನೆಗಿಡಲಿ?”

“ಮುದುಕರಿಗೂ ಅಪಾಯವೇ,” ಅಂದರು. ಆಮೇಲೆ, “ಮಕ್ಕಳಿಂದ ಮಾಡು,” ಅಂದರು.

ಕೇಳಿಕೆ ಬರೆದು ಹಲಗೆಯನ್ನು ಅವರ ಕೈಗೆ ಕೊಟ್ಟೆ, ಒಂದು ಸಲ ನೋಡಿಬಿಡಿ, ಇನ್ನೊಂದು ತಪ್ಪಾಗುವುದು ಬೇಡ ಅಂತ. ಅವರು ಹಲಗೆಯನ್ನು ಮುಖದ ಹತ್ತಿರ ಹಿಡಿದು, ತಲೆಯಾಡಿಸಿ, ಸರಿಯಾಗಿದೆ ಅಂದರು. ಹಲಗೆ ತಲೆಕೆಳಗಾಗಿತ್ತು.

ನಾನು ಹಲಗೆಯನ್ನು ಅವರ ಕೈಯಲ್ಲೇ ತಿರುಗಿಸಿ ನೇರ ಮಾಡಿದೆ.

“ಕಣ್ಣು ಮಂಜಾಗಿ ಎರಡು ವರ್ಷವಾಯಿತು ಸಂಕಮ್ಮ,” ಅಂದರು ಮೆಲ್ಲಗೆ. “ಮೂಸಿ, ಮುಟ್ಟಿ ಹೇಗೋ ನಡೆಸ್ತಾ ಇದ್ದೆ. ಈ ಸಲ ನೆಗಡಿಯಾಗಿ ಮೂಗು ಕಟ್ಟಿತ್ತು. ಚಂದಳಿಗೂ ಹೇಳಿಲ್ಲ.”

“ಈಗ ಹಲಗೆ ಕೊಡಿ. ಅದನ್ನ ಆಮೇಲೆ ಮಾತಾಡೋಣ,” ಅಂದೆ.

ಮೊದಲ ಹಲಗೆ ಪೂರ್ತಿ ಮಕ್ಕಳು. ಎರಡನೇ ಹೆಸರೇ ದ್ಯಾಮವ್ವನ ಮೊಮ್ಮಗಳದು. ದ್ಯಾಮವ್ವ ಅದನ್ನು ಕೇಳಿ ಕೂಸನ್ನು ಎದೆಗೊತ್ತಿಕೊಂಡು ಬೀದಿಯತ್ತ ಓಡಿದಳು. ಕೊನೆಗೆ ಅವಳ ಬೀದಿಯ ಮಡಕೆ ಬಡಿತ ನಿಲ್ಲಿಸಿದ್ದು ನಮ್ಮ ಯಾವ ಡಂಗುರವೂ ಅಲ್ಲ, ಅವಳ ಗಂಟಲು. ಮಾಬೂಬಿ ಈ ಸಲ ಹೆಂಗಸರನ್ನು ಬೀದಿಗೊಬ್ಬಳಂತೆ ನಿಲ್ಲಿಸಿದಳು, ಯಾಕೆಂದರೆ ವಯಸ್ಸಿನ ಕ್ರಮದಲ್ಲಿ ಬಂದ ಹೆಸರುಗಳು ಊರು ತುಂಬಾ ಚೆದುರಿರುತ್ತವೆ. ನಾನು ಹೆಸರು ಕೂಗಿದರೆ ಏರಿ ಮೇಲಿನವಳು ಕೇಳಿ ಮುಂದಿನವಳಿಗೆ ಕೂಗುತ್ತಿದ್ದಳು. ಅಕ್ಕಿ ಬೇಯಿಸಲು ನಿಜವಾಗಿಯೂ ಒಲೆ ಹೂಡಿದೆವು, ಹೊತ್ತು ತಪ್ಪಬಾರದು ಅಂತ. ಅವತ್ತು ಅಲ್ಲಿ ಬೆಂದ ಅನ್ನವನ್ನು ಯಾರು ತಿಂದರೋ ನನಗೆ ಗೊತ್ತಿಲ್ಲ.

ಎರಡನೇ ಹಲಗೆ, ಮೂರನೆಯದು, ನಾಲ್ಕನೆಯದು. ಪ್ರತಿ ಸಲವೂ ಹಿಂದಿನ ಹಲಗೆಯ ಕೊನೆಯ ಹೆಸರನ್ನು ಮೇಲೆ ಬರೆದು, ‘ಇವರಿಗಿಂತ ಹಿರಿಯರು’ ಎಂದು. ಗಾಣಿಗರ ಬೀದಿಯವರು ಬಂದರು. ಹೂಗಾರರ ಓಣಿ ಬಂತು. ಬೀಗ ಹಾಕಿದ್ದ ಮನೆಗಳ ಬಾಗಿಲಿಗೆ ಹೆಂಗಸರು ಸುಣ್ಣದಲ್ಲಿ ದೊಡ್ಡದಾಗಿ ಗೀಟು ಎಳೆದು ಅಕ್ಕಪಕ್ಕದವರನ್ನು ಕಾವಲು ಕೂರಿಸಿದರು. ಪಂಡಿತರು ಮುಟ್ಟಿ ಎಣಿಸುತ್ತಲೇ ಇದ್ದರು. ಇನ್ನೂರ ನಲವತ್ತು. ಇನ್ನೂರ ಎಪ್ಪತ್ತೊಂದು. ಇನ್ನೂರ ತೊಂಬತ್ತು.

ಆರನೇ ಹಲಗೆ ಐದೂ ಕಾಲಿಗೆ ಬಂತು. ಹದಿಮೂರು ಹೆಸರು, ‘ಮುಗಿಯಿತು’. ಕೊನೆಯ ಹೆಸರು ತುಂಗಜ್ಜಿಯದು, ಊರಿಗೇ ಹಿರಿಯಳು, ತೊಂಬತ್ತಾರು ವರ್ಷ. ಮನೆ ಗುಡ್ಡದ ತುದಿಯಲ್ಲಿ. ಏಳು ಹೆಂಗಸರೂ ಬೇರೆ ಬೇರೆ ಬೀದಿಯಲ್ಲಿದ್ದರು. ನಾನೇ ಹೊರಟೆ.

ದಾರಿಯಲ್ಲೆಲ್ಲ ಒಂದೇ ಯೋಚನೆ. ಮುದುಕರು ದೀಪಕ್ಕೆ ಕಾಯುವುದಿಲ್ಲ. ಹೊತ್ತು ಇಳಿದರೆ ಊಟ ಮುಗಿಸಿ ಮಲಗುತ್ತಾರೆ. ಇದು ಬೆಳಿಗ್ಗೆಯೇ ನನಗೆ ಹೊಳೆಯಬೇಕಿತ್ತು, ಮೂರು ಗಂಟೆಗಾದರೂ ಹೊಳೆಯಬೇಕಿತ್ತು. ಬಾಗಿಲು ತಳ್ಳಿದಾಗ ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಕುಡಿಕೆ, ಮೇಲೆ ಚಮಚ.

“ಅಜ್ಜಿ, ತಿಂದ್ಯಾ?”

“ಅರ್ಧ ಚಮಚ. ಈ ಸಲ ಕಹಿ ಕಣೇ. ಬೆಲ್ಲ ಕಡಿಮೆ ಹಾಕಿದ್ದಾನೆ ಆದಪ್ಪ.”

ಹೊರಡುವಾಗ ಪಂಡಿತರು ಹೇಳಿಕೊಟ್ಟಂತೆ ಉಪ್ಪುನೀರು ಕುಡಿಸಿದೆ. ಅಜ್ಜಿ ಬೇಡವೆಂದಳು, ಬೈದಳು, ನನ್ನ ಕೈಯನ್ನು ಕಚ್ಚಿದಳು. ಇದ್ದ ನಾಲ್ಕು ಹಲ್ಲಲ್ಲಿ ಕಚ್ಚಿದ ಗುರುತು ನನ್ನ ಹೆಬ್ಬೆರಳ ಬುಡದಲ್ಲಿ ಒಂದು ವಾರ ಇತ್ತು. ಕೊನೆಗೆ ವಾಂತಿಯಾಯಿತು. ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡೆ, ಒಣಗಿದ ಸೊಪ್ಪಿನ ಕಟ್ಟಿನಷ್ಟು ಹಗುರ. ಕೆಳಗೆ ಊರಿನಲ್ಲಿ ಒಂದೊಂದೇ ದೀಪ ಹತ್ತಿಕೊಳ್ಳುತ್ತಿತ್ತು. ಅಷ್ಟು ದೀಪಗಳ ಮುಂದೆ ಯಾರ ಬಾಯಿಗೂ ಚಮಚ ಹೋಗುತ್ತಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಈ ಒಂದು ಮೈ ತಣ್ಣಗಾಗುತ್ತಿತ್ತು.

ಅಕ್ಕಪಕ್ಕದವರು ಪಂಡಿತರನ್ನು ಎತ್ತಿನ ಗಾಡಿಯಲ್ಲಿ ಕರೆತಂದರು. ಮುನ್ನೂರ ಹನ್ನೊಂದು ಬಂದಿವೆ, ಇದು ಕೊನೆಯದು ಅಂದರು ಪಂಡಿತರು. ಅಜ್ಜಿ ನಾಲ್ಕು ದಿನ ಕಣ್ಣು ಬಿಡಲಿಲ್ಲ. ಅಷ್ಟು ದಿನವೂ ನಾನು ಕಿಂಡಿಗೆ ಹೋಗಲಿಲ್ಲ, ಅವಳ ಪಕ್ಕದಲ್ಲೇ ಇದ್ದೆ. ಐದನೆಯ ದಿನ ಗಂಜಿ ಕೇಳಿದಳು. ಎರಡು ಗುಟುಕು ಕುಡಿದು, ಉಪ್ಪು ಹೆಚ್ಚಾಯಿತೆಂದು ಮುಖ ಸಿಂಡರಿಸಿದಳು.

“ನನ್ನ ಮನೆಗೆ ಯಾಕೆ ಕೊನೆಗೆ ಬಂದೆ?” ಅಂತ ಕೇಳಿದಳು.

ನಾನು ಮುಚ್ಚಿಡಲಿಲ್ಲ. “ಕಿರಿಯರಿಂದ ಹಿರಿಯರಿಗೆ ಅಂತ ಕೇಳಿದೆ ಅಜ್ಜಿ. ನೀನು ಎಲ್ಲರಿಗಿಂತ ಹಿರಿಯಳು.”

ಅಜ್ಜಿ ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟಳು. “ಮಕ್ಕಳಿಂದ ಶುರು ಮಾಡಿದ್ದು ಸರಿ. ನಾನಾಗಿದ್ದರೂ ಹಾಗೇ ಮಾಡ್ತಿದ್ದೆ,” ಅಂದಳು. ಆಮೇಲೆ, “ಆದರೆ ಪೆದ್ದೀ, ಚಾಪೆ ಸುತ್ತೋಕೆ ಒಂದೇ ತುದಿಯಿಂದ ಯಾಕೆ ಹಿಡಿದೆ? ಒಂದು ಹಲಗೆ ಕಿರಿಯರದು ಕೇಳು, ಮುಂದಿನದು ಹಿರಿಯರದು ಕೇಳು. ನಡುವಿನ ಗಟ್ಟಿಮುಟ್ಟಾದವರು ಕೊನೆಗೆ ಬರಲಿ.”

ಇಪ್ಪತ್ತಾರು ವರ್ಷದಲ್ಲಿ ನನಗೆ ಯಾರೂ ಕೆಲಸ ಕಲಿಸಿರಲಿಲ್ಲ. ಒಂದೇ ವಾರದಲ್ಲಿ ನಲ್ಲಿಯ ಮಾಬೂಬಿ ಒಂದು ಕಲಿಸಿದಳು, ತೊಂಬತ್ತಾರರ ಅಜ್ಜಿ ಇನ್ನೊಂದು ಕಲಿಸಿದಳು. ಈಗ ನಾನು ಬರೆಯುವ ಕೇಳಿಕೆ ಅವತ್ತಿನದಕ್ಕಿಂತ ಒಳ್ಳೆಯದು.

ಚಂದಕ್ಕ ಎದ್ದು ಓಡಾಡುವಂತಾದ ಮೇಲೆ ಒಂದು ಬೆಳಿಗ್ಗೆ ಆದಪ್ಪ ಪಂಡಿತರು ಕಿಂಡಿಗೆ ಬಂದರು. ಕೈಯಲ್ಲಿ ಕೋಲಿತ್ತು. ಕಣ್ಣಿನ ವಿಷಯ ಹೆಂಡತಿಗೆ ಹೇಳಿದ್ದರಂತೆ. ‘ನನಗೆ ಮದುವೆಯಾದ ದಿನದಿಂದ ನಿಮ್ಮ ಗೆಡ್ಡೆಯ ಗುರುತು ಗೊತ್ತು, ಒಂದು ಮಾತು ಕೇಳಿದ್ದರೆ ಸಾಕಿತ್ತು’ ಅಂತ ಚಂದಕ್ಕ ಎರಡು ದಿನ ಮಾತು ಬಿಟ್ಟರಂತೆ. ಈಗ ಗೆಡ್ಡೆ ಆರಿಸುವುದು ಅವರೇ.

“ಒಂದು ಕೇಳಿಕೆ ಬರಿ,” ಅಂದರು ಪಂಡಿತರು. “ನಾನು ಮುಚ್ಚಿಟ್ಟ ಹಾಗೆ ಇನ್ನೂ ಯಾರ್ಯಾರು ಮುಚ್ಚಿಟ್ಟಿದ್ದಾರೋ ತಿಳೀಬೇಕು.”

“ಮುಚ್ಚಿಡೋದು ಅಂದರೆ ಕಿಂಡಿಗೆ ಗೊತ್ತಾಗೋದಿಲ್ಲ.”

“ಕಣ್ಣು ಮಂಜಾದವರು ಅಂತ ಬರಿ.”

“ಊರಿನ ಮುದುಕರೆಲ್ಲ ಬರ್ತಾರೆ ಪಂಡಿತರೇ.”

“ಹಾಗಾದರೆ ಕಸುಬು ಹಾಕು. ಕಣ್ಣು ತಪ್ಪಿದರೆ ಇನ್ನೊಬ್ಬರ ಜೀವ ಹೋಗೋ ಕಸುಬು. ಅಂಬಿಗರು, ಗಾಡಿ ಹೊಡೆಯೋರು, ಸೂಲಗಿತ್ತಿಯರು, ಕ್ಷೌರಿಕರು.” ಕೊನೆಯಲ್ಲಿ, “ಪಂಡಿತರು,” ಅಂದರು.

“ಯಾವ ಕ್ರಮದಲ್ಲಿ?”

“ಯಾರಿಗೆ ಮಂಜಾಗಿ ಹೆಚ್ಚು ವರ್ಷವಾಗಿದೆಯೋ ಅವರು ಮೊದಲು.”

ಹನ್ನೊಂದು ಹೆಸರು ಬಂದವು. ಅವರು ಬಾಗಿ ಕಿವಿ ಕೊಟ್ಟು ಕೂತರು. “ನನ್ನದು ಎಷ್ಟನೆಯದು?”

“ನಾಲ್ಕನೆಯದು.”

“ನಾಲ್ಕೇ?” ಅಂದು ನಕ್ಕರು. ಹುಣ್ಣಿಮೆಯ ನಂತರ ಅವರು ನಕ್ಕದ್ದನ್ನು ನಾನು ಕಂಡಿದ್ದು ಅದೇ ಮೊದಲು. “ಮೊದಲನೆಯವರು ಯಾರು?”

“ಅಂಬಿಗರ ಸೋಮಯ್ಯ. ಆರು ವರ್ಷ.”

ಪಂಡಿತರು ಎದ್ದರು. ಸಂತೆಯ ದಿನ ಆ ದೋಣಿಯ ತುಂಬಾ ಜನ ಕೂರುತ್ತಾರೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟರು, ಹೊಳೆಯ ಕಡೆ ಇಳಿದೆವು. ಸೋಮಯ್ಯ ದೋಣಿಯ ಅಂಚಿನಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ನಾವು ಹತ್ತು ಮಾರು ದೂರದಲ್ಲಿದ್ದಾಗ ಹೆಜ್ಜೆಯ ಸದ್ದಿಗೆ ತಲೆಯೆತ್ತಿ, ನಮ್ಮಿಬ್ಬರ ಪಕ್ಕದ ಖಾಲಿ ಜಾಗವನ್ನು ನೋಡುತ್ತಾ ಕೇಳಿದ, “ಯಾರದು? ಆಚೆ ದಡಕ್ಕಾ?”

“ನಾನು ಕಣಯ್ಯ ಸೋಮ, ಆದಪ್ಪ,” ಅಂದರು ಪಂಡಿತರು. “ಆಚೆ ದಡಕ್ಕೆ ಬೇಡ. ನಿನ್ನ ಪಕ್ಕ ಸ್ವಲ್ಪ ಜಾಗ ಬಿಡು. ನನಗೂ ಕಾಣಿಸೋದಿಲ್ಲ.”